ಬಂಗಾಳ ಕೊಲ್ಲಿಯ ಗಾಳಿ, ಮಲೆನಾಡಿನ ಕಣ: ಫೆಂಗಲ್ ವಾರದಲ್ಲಿ ಎರಡು ಕಾಫಿ ತೋಟಗಳು

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ದಡ ಹತ್ತಿತು. ಅಲ್ಲಿಂದ ಸಕಲೇಶಪುರ, ಮೂಡಿಗೆರೆ ತಾಲ್ಲೂಕುಗಳ ಗಡಿಗೆ ನೇರ ಗೆರೆ ಎಳೆದರೆ ಸುಮಾರು 450 ಕಿಲೋಮೀಟರ್. ಅಷ್ಟು ದೂರದ ಚಂಡಮಾರುತ ಇಲ್ಲಿ ಕಣದಲ್ಲಿ ಹರಡಿದ್ದ ಕಾಫಿಗೆ ಬೂಷ್ಟು ಹಿಡಿಸಿತು. ಒಂದೇ ಬೇಲಿಯ ಆಚೆ ಈಚೆ ಇರುವ ಎರಡು ತೋಟಗಳು ಆ ವಾರ ಬೇರೆ ಬೇರೆ ತೀರ್ಮಾನ ಮಾಡಿದವು. ಎರಡೂ ಮನೆಯವರು ಡೈರಿ, ಮಳೆ ಲೆಕ್ಕದ ಪುಸ್ತಕ, ಮೊಬೈಲಿನ ಸಂದೇಶಗಳನ್ನೆಲ್ಲ ನನ್ನ ಮುಂದಿಟ್ಟು, "ಹೆಸರು ಬೇಡ, ವಿಷಯ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆಗ್ಲಿ" ಎಂದರು. ಹಾಗಾಗಿ ಊರಿನ ಹೆಸರು, ತೋಟದ ವಿಸ್ತಾರ, ಮನೆತನದ ಗುರುತು ಯಾವುದೂ ಇಲ್ಲಿಲ್ಲ. ಹವಾಮಾನದ ತಾರೀಕುಗಳು ಮಾತ್ರ ಇದ್ದ ಹಾಗೇ ಇವೆ.

ಎರಡು ತೋಟ

ಮೇಲಿನ ತೋಟದಲ್ಲಿ ಹೆಚ್ಚಿರುವುದು ಅರೇಬಿಕಾ. ಹಣ್ಣಿನ ಸಿಪ್ಪೆ ಸುಲಿಯುವ ಸ್ವಂತ ಯಂತ್ರ (ಪಲ್ಪರ್) ಇದೆ, ಸಿಮೆಂಟ್ ಕಣ ಇದೆ, ನೀರಿಗೆ ತೊಂದರೆಯಿಲ್ಲ. ಯಜಮಾನರಿಗೆ ಅರವತ್ತು ದಾಟಿದೆ. ತಂದೆಯ ಕಾಲದಿಂದ ಮಳೆ ಅಳೆದು ಬರೆದಿಡುತ್ತ ಬಂದ ಮನೆ ಅದು. ಇವತ್ತಿಗೂ ಆ ಪುಸ್ತಕದಲ್ಲಿ ಮಿಲಿಮೀಟರ್ ಇಲ್ಲ, ಇಂಚು ಮತ್ತು ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕವೇ. ಅವರ ಅಣ್ಣನ ಮಗ ಮರ್ಚೆಂಟ್ ನೇವಿಯಲ್ಲಿ ಸೆಕೆಂಡ್ ಆಫೀಸರ್. ಹಡಗಿನ ದಾರಿಯನ್ನು ನಕ್ಷೆಯಲ್ಲಿ ಗುರುತು ಹಾಕುವುದು, ಬಂದ ಹವಾಮಾನ ಬುಲೆಟಿನ್ ಓದಿ ಕ್ಯಾಪ್ಟನ್‌ಗೆ ವಿಷಯ ಮುಟ್ಟಿಸುವುದು ಅವನ ಕೆಲಸ. ಆ ವಾರ ಅವನಿದ್ದ ಹಡಗು ಸಿಂಗಪುರ ಬಿಟ್ಟು ಕೊಲಂಬೊ ಕಡೆ ಬರುತ್ತಿತ್ತು. ಅಂದರೆ ಯಜಮಾನರ ಕಣಕ್ಕೆ ತೊಂದರೆ ಕೊಡಬಹುದಾಗಿದ್ದ ವಾಯುಭಾರ ಕುಸಿತವೇ ಅವನ ಹಡಗಿನ ದಾರಿಗೂ ಅಡ್ಡ ಕೂತಿತ್ತು.

ಕೆಳಗಿನ ತೋಟದವರು ನಲವತ್ತರ ಆಸುಪಾಸಿನವರು. ಪಲ್ಪರ್ ಇಲ್ಲ, ಕೊಯ್ದ ಹಣ್ಣನ್ನೆಲ್ಲ ಹಾಗೇ ಒಣಗಿಸಿ ಚೆರ್ರಿ ಮಾಡುತ್ತಾರೆ. ಕಣದ ಅರ್ಧ ಸಿಮೆಂಟು, ಉಳಿದರ್ಧ ಸಗಣಿ ಸಾರಿಸಿದ ಮಣ್ಣು. ಕೊಯ್ಲಿಗೆ ಹೊರಗಿನಿಂದ ಬಂದ ಆಳುಗಳನ್ನೇ ನೆಚ್ಚಿಕೊಂಡವರು. ಒಂದು ತಂಡ ಕೈಬಿಟ್ಟು ಹೋದರೆ ಮತ್ತೊಂದು ಸಿಗುವುದರೊಳಗೆ ಹಣ್ಣು ಗಿಡದಲ್ಲೇ ಕಪ್ಪಾಗುತ್ತದೆ. ಅವರ ತೀರ್ಮಾನಗಳನ್ನು ಓದುವಾಗ ಇದು ನೆನಪಿರಬೇಕು. ಉಡಾಫೆಯಿಂದ ಮಾಡಿದ್ದು ಒಂದೂ ಇಲ್ಲ.

ಆ ವರ್ಷ ಕಾಫಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತ್ತು. ಒಂದು ಮೂಟೆ ಹಾಳಾದರೆ ಆಗುವ ನಷ್ಟವೂ ಅದೇ ಲೆಕ್ಕದಲ್ಲಿ ಏರಿತ್ತು.

ಒಣಗಲು ಬೇಕಾದ ದಿನ, ಮುನ್ಸೂಚನೆ ಹೇಳುವ ದಿನ

ಅರೇಬಿಕಾ ಹಣ್ಣನ್ನು ಕೊಯ್ದ ದಿನವೇ ಪಲ್ಪ್ ಮಾಡಿ, ಲೋಳೆ ತೆಗೆದು, ತೊಳೆದು ಕಣಕ್ಕೆ ಹಾಕಿದರೆ, ತೆಳು ಹೊಟ್ಟಿನೊಳಗಿನ ಆ ಬೀಜ, ಅಂದರೆ ಪಾರ್ಚ್‌ಮೆಂಟ್ ಒಣಗಲು ಒಳ್ಳೆಯ ಬಿಸಿಲಿನಲ್ಲಿ 7ರಿಂದ 10 ದಿನ ಬೇಕು. ತೇವಾಂಶ ಶೇಕಡ 10ರ ಹತ್ತಿರಕ್ಕೆ ಇಳಿಯಬೇಕು. ಇಡೀ ಹಣ್ಣನ್ನೇ ಒಣಗಿಸುವ ಚೆರ್ರಿಗೆ 12ರಿಂದ 15 ದಿನ. ಮೊದಲ ದಿನಗಳಲ್ಲಿ ತೆಳ್ಳಗೆ ಹರಡಿ, ಉದ್ದ ಹಿಡಿಯ ಮರದ ಹಲಗೆಯಿಂದ ಗಂಟೆಗೊಮ್ಮೆ ತಿರುವುತ್ತಿರಬೇಕು. ಅರ್ಧ ಒಣಗಿದ ಕಾಫಿ ನೆನೆದರೆ ಅಥವಾ ಟಾರ್ಪಾಲಿನ ಕೆಳಗೆ ಬೆವೆತರೆ ಬೂಷ್ಟು ಹಿಡಿಯುತ್ತದೆ. ಅಂಥ ಬೂಷ್ಟಿನಿಂದಲೇ ಓಕ್ರಾಟಾಕ್ಸಿನ್ ಎಂಬ ವಿಷ ಸೇರುವುದು. ಯುರೋಪಿಗೆ ಹೋಗುವ ಕಾಫಿಯಲ್ಲಿ ಇದಕ್ಕೆ ಮಿತಿ ಇದೆ. ಹಾಗಂತ ಹಣ್ಣನ್ನು ಗಿಡದಲ್ಲೇ ಬಿಡೋಣ ಎಂದರೆ, ಮಾಗಿದ ಹಣ್ಣಿನ ಮೇಲೆ ಮಳೆ ಬಿದ್ದಾಗ ಸಿಪ್ಪೆ ಒಡೆದು ನೆಲಕ್ಕೆ ಉದುರುತ್ತದೆ.

ಹೀಗಾಗಿ ಇವತ್ತು ಹಣ್ಣು ಕೊಯ್ಯಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಇವತ್ತಿನ ಆಕಾಶದಲ್ಲಿ ಸಿಗುವುದಿಲ್ಲ. ಮುಂದಿನ ವಾರದ, ಅದರಾಚೆಯ ವಾರದ ಆಕಾಶ ಹೇಗಿರುತ್ತದೆ ಎಂದು ಗೊತ್ತಾಗಬೇಕು. ಜಿಲ್ಲೆಗೆಂದು ಮಂಗಳವಾರ ಮತ್ತು ಶುಕ್ರವಾರ ಬರುವ ಕೃಷಿ ಹವಾಮಾನ ಬುಲೆಟಿನ್ ಐದು ದಿನದ ಮಾತು ಹೇಳುತ್ತದೆ. ಮೊಬೈಲ್ ಆಪ್ ಹತ್ತು ಹದಿನೈದು ದಿನಕ್ಕೂ ಸೂರ್ಯ, ಮೋಡದ ಚಿತ್ರ ತೋರಿಸುತ್ತದೆ. ಆದರೆ ಆರನೇ ದಿನದಾಚೆ ಒಂದು ಊರಿನ ಮಳೆಯ ಬಗ್ಗೆ ಅದು ತೋರಿಸುವ ಚಿತ್ರದ ಮೇಲೆ ಕಣ ನಡೆಸಲಾಗದು.

ಏಳು ದಿನ, ಹದಿನಾಲ್ಕು ದಿನ ಮುಂದಕ್ಕೆ ಜವಾಬ್ದಾರಿಯಿಂದ ಹೇಳುವ ಮುನ್ಸೂಚನೆಯೊಂದಿದೆ. ಅದು ನಮ್ಮ ಊರಿನ ಬಗ್ಗೆ ಒಂದಕ್ಷರವೂ ಹೇಳುವುದಿಲ್ಲ, ಸಮುದ್ರದ ಬಗ್ಗೆ ಹೇಳುತ್ತದೆ. ಭಾರತೀಯ ಹವಾಮಾನ ಇಲಾಖೆಯ ದೆಹಲಿ ಕೇಂದ್ರ ಉತ್ತರ ಹಿಂದೂ ಮಹಾಸಾಗರದ ದಡದ 13 ದೇಶಗಳಿಗೆ ಚಂಡಮಾರುತದ ಸಲಹೆ ಕೊಡುವ ಕೇಂದ್ರವೂ ಹೌದು. ಅದು ದಿನಾ ಹೊರಡಿಸುವ ಬುಲೆಟಿನ್‌ನಲ್ಲಿ ಬಂಗಾಳ ಕೊಲ್ಲಿಗೆ ಒಂದು, ಅರಬ್ಬಿ ಸಮುದ್ರಕ್ಕೆ ಒಂದು ಭಾಗ ಇರುತ್ತದೆ. ಮುಂದಿನ 168 ಗಂಟೆಗಳಲ್ಲಿ, ಅಂದರೆ ಏಳು ದಿನಗಳಲ್ಲಿ, ವಾಯುಭಾರ ಕುಸಿತ ಹುಟ್ಟುವ ಸಾಧ್ಯತೆಯನ್ನು ದಿನದಿನಕ್ಕೂ ಬೇರೆಯಾಗಿ ಕೊಡುತ್ತಾರೆ: ಇಲ್ಲ, ಕಡಿಮೆ, ಮಧ್ಯಮ, ಹೆಚ್ಚು. ಶೇಕಡ 33ರವರೆಗೆ ಕಡಿಮೆ, 67ರವರೆಗೆ ಮಧ್ಯಮ, ಅದರ ಮೇಲೆ ಹೆಚ್ಚು. ಪ್ರತಿ ಗುರುವಾರ ಎರಡು ವಾರದ ಮುನ್ನೋಟ ಬೇರೆ ಬರುತ್ತದೆ. ಮೇಲಿನ ತೋಟದ ಯಜಮಾನರಿಗೆ ಇದನ್ನು ಓದಲು ಕಲಿಸಿದ್ದು ಹಡಗಿನಲ್ಲಿದ್ದ ಆ ಹುಡುಗ, ಅವರ ಅಣ್ಣನ ಮಗ, ರಜೆಗೆ ಬಂದಾಗ ಜಗಲಿಯಲ್ಲಿ ಕೂತು. ಪಾರ್ಚ್‌ಮೆಂಟ್ ಒಣಗುವ ಅವಧಿಗೂ ಸಮುದ್ರದ ಮುನ್ನೋಟದ ಅವಧಿಗೂ ತಾಳೆಯಾಗುತ್ತದೆ ಎಂಬುದೇ ಈ ಇಡೀ ಪ್ರಕರಣದ ತಿರುಳು ಎಂದು ನನ್ನ ಅಭಿಪ್ರಾಯ.

ಮೊದಲ ತೀರ್ಮಾನ: ನವೆಂಬರ್ 25

ನವೆಂಬರ್ ಮೂರನೇ ವಾರದ ಹೊತ್ತಿಗೇ ಬಂಗಾಳ ಕೊಲ್ಲಿಯ ಆಗ್ನೇಯದಲ್ಲಿ ಏನೋ ಆಗುವ ಸೂಚನೆಯಿತ್ತು. 25ರ ಸೋಮವಾರ ಅದು ವಾಯುಭಾರ ಕುಸಿತವಾಯಿತು, ಮರುದಿನ ತೀವ್ರ ವಾಯುಭಾರ ಕುಸಿತ. ಶ್ರೀಲಂಕಾದ ಪೂರ್ವ ಕರಾವಳಿಯ ಪಕ್ಕದಲ್ಲೇ ತಮಿಳುನಾಡಿನ ಕಡೆ ಮೇಲೇರುತ್ತದೆ ಎಂದು ಬುಲೆಟಿನ್ ಹೇಳಿತು.

ಹುಡುಗ ಹಡಗಿನಿಂದ ನಕ್ಷೆಯ ಫೋಟೊ ಕಳಿಸಿದ. ಜೊತೆಗೊಂದು ಧ್ವನಿ ಸಂದೇಶ: "ಚಿಕ್ಕಪ್ಪ, ನಡುವಿನ ಗೆರೆ ನೋಡ್ಬೇಡಿ. ಗೆರೆ ಸುತ್ತ ಅಗಲ ಆಗ್ತಾ ಹೋಗಿದೆಯಲ್ಲ, ಅದನ್ನ ನೋಡಿ." ಯಜಮಾನರ ಉತ್ತರವೂ ಮೊಬೈಲಿನಲ್ಲಿದೆ: "ಅಲ್ಲಿ ಗಾಳಿ ಬೀಸಿದ್ರೆ ಇಲ್ಲಿ ನಂಗೇನೋ ಮಾರಾಯ? ನಂಗೆ ಬೇಕಾಗಿರೋದು ಮಳೆ ಯಾವತ್ತು ಅಂತ."

ಹಡಗಿನವರಲ್ಲಿ ಬಳಕೆಯಲ್ಲಿರುವ 1-2-3 ನಿಯಮವನ್ನು ಹುಡುಗ ಆಗ ವಿವರಿಸಿದ. ಚಂಡಮಾರುತದ ಮುಂದಿನ ಜಾಗ ಎಲ್ಲಿ ಎಂದು ಹೇಳುವಾಗ 24 ಗಂಟೆಯ ಮುನ್ಸೂಚನೆಯಲ್ಲಿ 100 ನಾಟಿಕಲ್ ಮೈಲಿ, 48 ಗಂಟೆಗೆ 200, 72 ಗಂಟೆಗೆ 300 ಮೈಲಿ ತಪ್ಪಬಹುದು ಎಂದಿಟ್ಟುಕೊಂಡು, ಆ ಅಂತರವನ್ನು 34 ನಾಟ್ (ಗಂಟೆಗೆ ಸುಮಾರು 63 ಕಿಲೋಮೀಟರ್) ಗಾಳಿಯ ವ್ಯಾಪ್ತಿಗೆ ಕೂಡಿಸಿ, ಅಷ್ಟು ದೊಡ್ಡ ವೃತ್ತದಿಂದ ಹಡಗನ್ನು ಹೊರಗಿಡುವುದು. ಅಟ್ಲಾಂಟಿಕ್ ಸಾಗರದ ಅನುಭವದಲ್ಲಿ ರೂಪುಗೊಂಡ ಎಚ್ಚರಿಕೆ ಇದು, ಮಳೆಗೆಂದು ಮಾಡಿದ್ದಲ್ಲ. ಮಳೆಯನ್ನು ಇದರಿಂದ ಅಳೆಯಲು ಬರುವುದಿಲ್ಲ ಎಂದು ಹುಡುಗನೇ ಹೇಳಿದ್ದ. ಮೂರು ದಿನದಾಚೆಯ ಮಾತನ್ನು ಎಷ್ಟು ಸಡಿಲವಾಗಿ ಹಿಡಿಯಬೇಕು ಎಂಬ ಅಂದಾಜು ಮಾತ್ರ ಅದರಿಂದ ಸಿಗುತ್ತದೆ. 300 ನಾಟಿಕಲ್ ಮೈಲಿ ಎಂದರೆ ಸುಮಾರು 555 ಕಿಲೋಮೀಟರ್. ತಮಿಳುನಾಡಿನ ಉತ್ತರ ಕರಾವಳಿಯಲ್ಲಿ ಬಿಂದುವಿಟ್ಟು ಆ ಅಳತೆಯ ವೃತ್ತ ಎಳೆದರೆ ಸಕಲೇಶಪುರ, ಮೂಡಿಗೆರೆ ಎರಡೂ ಒಳಗೆ ಬೀಳುತ್ತವೆ.

ಯಜಮಾನರು ಅಂದು ಸಂಜೆ ಮಾಡಿದ ತೀರ್ಮಾನ ತೋಟದ ಲೆಕ್ಕ ಬರೆಯುವ ರೈಟರ್‌ನ ಡೈರಿಯಲ್ಲಿ ಒಂದೇ ಸಾಲು: "ನಾಳೆಯಿಂದ ಕಣಕ್ಕೆ ಹೊಸ ಮಾಲು ಇಲ್ಲ." ಕೊಯ್ಲು ನಿಲ್ಲಲಿಲ್ಲ. ಪೂರ್ತಿ ಮಾಗಿದ್ದನ್ನು ಮಾತ್ರ ಬಿಡಿಸಿ, ಡ್ರೈಯರ್ ಇದ್ದ ದೊಡ್ಡ ತೋಟವೊಂದಕ್ಕೆ ಹಣ್ಣಿನ ತೂಕದ ಮೇಲೆಯೇ ಮಾರುವುದು, ಕಣದಲ್ಲಿ ಆಗಲೇ ಇದ್ದ ಪಾರ್ಚ್‌ಮೆಂಟನ್ನು ತೆಳ್ಳಗೆ ಹರಡಿ ಬೇಗ ಮುಗಿಸುವುದು ಎಂದಾಯಿತು. ಹಣ್ಣಾಗಿ ಮಾರಿದರೆ ಕೈಗೆ ಬರುವುದು ಕಡಿಮೆ. ಮನೆಯಲ್ಲಿ ಇದಕ್ಕೆ ವಿರೋಧವಿತ್ತು. ಬೆಲೆ ಇಷ್ಟು ಏರಿರುವಾಗ ಹಣ್ಣನ್ನೇ ಕೊಡುವುದುಂಟೇ ಎಂದು ಮಗ ಕೇಳಿದ್ದು ಸಹಜವೇ ಆಗಿತ್ತು.

ಅಲುಗಾಡಿಸಿದ ಎರಡು ದಿನ

27ಕ್ಕೆ ಇದು ಚಂಡಮಾರುತವಾಗುತ್ತದೆ ಎಂದು ಮುನ್ಸೂಚನೆಯಿತ್ತು. ಆಗಲಿಲ್ಲ. ಶ್ರೀಲಂಕಾದ ದಡಕ್ಕೆ ಅಂಟಿಕೊಂಡು ನಿಧಾನವಾಯಿತು, ಬಲ ಪಡೆಯಲಿಲ್ಲ. ಇಲಾಖೆಯೂ ತನ್ನ ಅಂದಾಜನ್ನು ಇಳಿಸಿತು. ಟಿವಿಯಲ್ಲಿ ಸುದ್ದಿ ತಣ್ಣಗಾಯಿತು. ಊರಲ್ಲಿ ಬಿಸಿಲು ಚೆನ್ನಾಗಿತ್ತು.

ಇದರ ನಡುವೆ ಬೆಳೆಗಾರರ ವಾಟ್ಸ್ಆಪ್ ಗುಂಪಿನಲ್ಲಿ ವಿದೇಶಿ ವೆಬ್‌ಸೈಟುಗಳ ನಕ್ಷೆಗಳು ಹರಿದಾಡಿದವು. ಒಂದರಲ್ಲಿ ಗಾಳಿಯ ವೇಗ ಒಂದಿದ್ದರೆ ಇನ್ನೊಂದರಲ್ಲಿ ಬೇರೆ. ಒಬ್ಬರು "ಎಲ್ಲಾ ಸುಳ್ಳು" ಎಂದರೆ ಇನ್ನೊಬ್ಬರು "ನಮ್ಮವರು ಮುಚ್ಚಿಡ್ತಾರೆ" ಎಂದರು. ಹುಡುಗ ಇದನ್ನು ಬಿಡಿಸಿ ಹೇಳಿದ್ದು ಎಲ್ಲ ಬೆಳೆಗಾರರಿಗೂ ಗೊತ್ತಿರಬೇಕಾದ ಸಂಗತಿ. ಬೇರೆ ಬೇರೆ ಸಾಗರಕ್ಕೆ ಬೇರೆ ಬೇರೆ ಕೇಂದ್ರ: ಅಟ್ಲಾಂಟಿಕ್‌ಗೆ ಮಯಾಮಿ, ಪೆಸಿಫಿಕ್‌ನ ವಾಯವ್ಯಕ್ಕೆ ಟೋಕಿಯೊ, ಹಿಂದೂ ಮಹಾಸಾಗರದ ನೈರುತ್ಯಕ್ಕೆ ಲಾ ರಿಯೂನಿಯನ್, ನಮ್ಮ ಭಾಗಕ್ಕೆ ದೆಹಲಿ. ಅಮೆರಿಕದವರು ಒಂದು ನಿಮಿಷದ ಸರಾಸರಿ ಗಾಳಿ ಹೇಳುತ್ತಾರೆ, ಟೋಕಿಯೊ ಹತ್ತು ನಿಮಿಷದ್ದು, ದೆಹಲಿ ಮೂರು ನಿಮಿಷದ್ದು. ಕಡಿಮೆ ಹೊತ್ತಿನ ಸರಾಸರಿಯಲ್ಲಿ ಅಂಕಿ ಹೆಚ್ಚು ಕಾಣುತ್ತದೆ. ಗಾಳಿ ಒಂದೇ, ಅಳೆಯುವ ಪದ್ಧತಿ ಬೇರೆ. ಯಾರೂ ಯಾರಿಂದಲೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಹಡಗಿನವರು ಯಾವ ಸಾಗರದಲ್ಲಿದ್ದಾರೋ ಆ ಸಾಗರದ ಹೊಣೆ ಹೊತ್ತ ಕೇಂದ್ರದ ಬುಲೆಟಿನ್ ಹಿಡಿದು ನಡೆಯುತ್ತಾರೆ. ಕಣಕ್ಕೂ ಅದೇ ರೀತಿ ಸರಿ.

28ರ ಗುರುವಾರ ಕೆಳಗಿನ ತೋಟದವರು ನಿಲ್ಲಿಸಿದ್ದ ಕೊಯ್ಲನ್ನು ಮತ್ತೆ ಶುರು ಮಾಡಿದರು. ಸೋಮವಾರ ಅವರೂ ಯೋಚನೆಗೆ ಬಿದ್ದು ಆಳುಗಳಿಗೆ ಕಳೆ, ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವ) ಕೆಲಸ ಕೊಟ್ಟಿದ್ದರು. ಆದರೆ ಚಂಡಮಾರುತ ಆಗುವುದಿಲ್ಲ ಎಂಬ ಸುದ್ದಿ, ಆಪ್‌ನಲ್ಲಿ ಭಾನುವಾರಕ್ಕೆ ಕಾಣುತ್ತಿದ್ದ ಸೂರ್ಯ, ಜೊತೆಗೆ "ಕೊಯ್ಲು ಇಲ್ಲದಿದ್ದರೆ ನಾವು ಬೇರೆ ಕಡೆ ಹೋಗ್ತೀವಿ" ಎಂಬ ಆಳುಗಳ ಮಾತು, ಮೂರೂ ಸೇರಿದವು. ಎರಡು ದಿನ ಭರ್ಜರಿ ಕೊಯ್ಲಾಯಿತು. ಹಣ್ಣೆಲ್ಲ ಕಣಕ್ಕೆ ಬಂತು.

ಮೇಲಿನ ತೋಟದಲ್ಲೂ ಅದೇ ಸೆಳೆತವಿತ್ತು. ಯಜಮಾನರು ಹುಡುಗನಿಗೆ ಫೋನ್ ಹಚ್ಚಿ, "ಆಗ್ಲಿಲ್ಲವಲ್ಲೋ, ಮತ್ತೆ ಶುರು ಮಾಡ್ಲಾ?" ಎಂದರು. ಅವನ ಹಡಗು ಶ್ರೀಲಂಕಾದ ದಕ್ಷಿಣಕ್ಕೆ ಸುತ್ತು ಹಾಕಲು ವೇಗ ತಗ್ಗಿಸಿ ಕಾದಿದ್ದು ಆಗತಾನೇ ಮುಗಿದಿತ್ತು. ಅವನು ಹೇಳಿದ್ದು ಇಷ್ಟು: ಬಲ ಬಾರದಿರುವುದು ಬೇರೆ, ಇಲ್ಲವಾಗುವುದು ಬೇರೆ. ಅದು ಇನ್ನೂ ನೀರಿನ ಮೇಲಿದೆ, ತಡವಾಗುತ್ತಿದೆ. ತಡವಾದಷ್ಟೂ ನಿಮ್ಮ ಕಡೆ ಮಳೆ ಬರುವ ದಿನ ಮುಂದಕ್ಕೆ ಹೋಗುತ್ತದೆ, ರದ್ದಾಗುವುದಿಲ್ಲ. "ನಿಮಗೆ ಎರಡು ದಿನ ಬಿಸಿಲು ಪುಕ್ಕಟೆ ಸಿಕ್ಕಿದೆ ಚಿಕ್ಕಪ್ಪ. ಕಣದಲ್ಲಿರೋದನ್ನ ಮುಗಿಸ್ಕೊಳ್ಳಿ, ಹೊಸದು ತರ್ಬೇಡಿ."

ಯಜಮಾನರು ಹೊಸ ಮಾಲು ತರಲಿಲ್ಲ. ನನ್ನ ಲೆಕ್ಕದಲ್ಲಿ ಇಡೀ ವಾರದ ಅತಿ ಕಷ್ಟದ ತೀರ್ಮಾನ ಇದೇ. ಆಕಾಶ ಕಪ್ಪಿಟ್ಟಾಗ ಕೊಯ್ಲು ನಿಲ್ಲಿಸುವುದಕ್ಕೆ ಯಾರಿಗೂ ಧೈರ್ಯ ಬೇಕಿಲ್ಲ. ಬಿಸಿಲು ಚುರುಗುಟ್ಟುವಾಗ, ಪಕ್ಕದ ತೋಟದಲ್ಲಿ ಮೂಟೆ ಮೂಟೆ ಹಣ್ಣು ಇಳಿಯುತ್ತಿರುವಾಗ, ಮೊದಲ ಮುನ್ಸೂಚನೆ ತಪ್ಪಿದ್ದು ಕಣ್ಣೆದುರೇ ಇರುವಾಗ ನಿಲ್ಲಿಸಿದ್ದನ್ನು ನಿಲ್ಲಿಸಿಯೇ ಇಡುವುದು ಬೇರೆ ಥರದ ಗಟ್ಟಿತನ.

ದಡ ಹತ್ತಿದ ಮೇಲೆ

29ರ ಮಧ್ಯಾಹ್ನ ಅದು ಚಂಡಮಾರುತವೇ ಆಯಿತು. ಸೌದಿ ಅರೇಬಿಯಾ ಕೊಟ್ಟ ಫೆಂಗಲ್ ಎಂಬ ಹೆಸರು ಬಂತು. 30ರ ಶನಿವಾರ ರಾತ್ರಿ ಪುದುಚೇರಿ ಹತ್ತಿರ ಗಂಟೆಗೆ 70ರಿಂದ 80 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ದಡ ದಾಟಿತು. ದಾಟಿದ ಮೇಲೆ ಅಲ್ಲೇ ಗಂಟೆಗಟ್ಟಲೆ ಕದಲದೆ ನಿಂತಿತು. ಭಾನುವಾರ ಬೆಳಿಗ್ಗೆವರೆಗಿನ 24 ಗಂಟೆಯಲ್ಲಿ ಪುದುಚೇರಿಗೆ 45 ಸೆಂಟಿಮೀಟರಿಗೂ ಮೀರಿ ಮಳೆ ಬಿತ್ತು. ಆಮೇಲೆ ಅದು ಶಕ್ತಿ ಕಳೆದುಕೊಂಡು ಒಳನಾಡಿಗೆ ಸರಿಯಿತು. ಹಾಗೆ ಶಕ್ತಿ ಕಳೆದುಕೊಂಡ ಮೇಲೆಯೇ ನಮ್ಮ ಗಡಿಗೆ ಹತ್ತಿರದ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಒಂದೇ ದಿನ 50 ಸೆಂಟಿಮೀಟರ್ ಸುರಿಯಿತು.

ಊತಂಗರೆಯ ಈ ಅಂಕಿಯನ್ನು ಪ್ರತಿಯೊಬ್ಬ ಬೆಳೆಗಾರ ಬರೆದಿಟ್ಟುಕೊಳ್ಳಬೇಕು. ಇಲಾಖೆ ಒಂದು ಹವಾಮಾನ ವ್ಯವಸ್ಥೆಯನ್ನು ವಾಯುಭಾರ ಕುಸಿತ, ತೀವ್ರ ವಾಯುಭಾರ ಕುಸಿತ, ಚಂಡಮಾರುತ ಎಂದು ವಿಂಗಡಿಸುವುದು ಗಾಳಿಯ ವೇಗದ ಮೇಲೆ: 17ರಿಂದ 27 ನಾಟ್, 28ರಿಂದ 33 ನಾಟ್, 34 ನಾಟ್‌ನಿಂದ ಮೇಲಕ್ಕೆ. ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್. ಹಡಗಿಗೆ, ದೋಣಿಗೆ, ವಿದ್ಯುತ್ ಕಂಬಕ್ಕೆ ಗಾಳಿ ಮುಖ್ಯ, ಆದ್ದರಿಂದ ಆ ವಿಂಗಡಣೆ ಅವರಿಗೆ ಸರಿಯಾಗಿಯೇ ಇದೆ. ಅದರಲ್ಲಿ ಮಳೆಯ ಅಳತೆ ಇಲ್ಲ. ಗಾಳಿ ಸತ್ತ ವ್ಯವಸ್ಥೆಯೊಂದು ಹೊತ್ತ ನೀರನ್ನೆಲ್ಲ ಇಳಿಸುತ್ತ ನಿಧಾನವಾಗಿ ಸಾಗಬಲ್ಲದು.

ಭಾನುವಾರ ಮೇಲಿನ ತೋಟದ ಕಣ ಬಹುಪಾಲು ಖಾಲಿ. ಒಣಗಿದ್ದು ಮೂಟೆಯಾಗಿ ಗೋಡೌನ್ ಸೇರಿತ್ತು. ಅರೆ ಒಣಗಿದ ಒಂದು ಭಾಗವನ್ನು ಮನೆಯ ಅಟ್ಟದಲ್ಲಿ ತೆಳ್ಳಗೆ ಹರಡಿದ್ದರು. ಕೊನೆಯದಾಗಿ ಪಲ್ಪ್ ಮಾಡಿದ್ದ ಸ್ವಲ್ಪವನ್ನು ತೊಳೆದು ತೊಟ್ಟಿಯಲ್ಲಿ ಶುದ್ಧ ನೀರಿನೊಳಗೆ ಮುಳುಗಿಸಿಟ್ಟಿದ್ದರು. ಒಂದು ದಿನ ಹೀಗೆ ನೆನೆಸುವುದು ಗುಣಮಟ್ಟಕ್ಕಾಗಿ ಮಾಡುವ ರೂಢಿಯ ಕೆಲಸವೇ. ಇವರು ಅದನ್ನು ನೀರು ಬದಲಿಸುತ್ತ ಹೆಚ್ಚು ದಿನಕ್ಕೆ ಎಳೆದರು.

ಕೆಳಗಿನ ತೋಟದಲ್ಲಿ ಎರಡು ದಿನದ ಹಸಿ ಹಣ್ಣು ಟಾರ್ಪಾಲಿನಡಿ ಇತ್ತು. ಭಾನುವಾರ ಇಡೀ ಮೋಡ. ಸೋಮವಾರ, ಡಿಸೆಂಬರ್ 2, ಬೆಳಗ್ಗೆ ಮೋಡದ ನಡುವೆ ಬಿಸಿಲು ಇಣುಕಿತು. ಟಿವಿಯಲ್ಲಿ ಫೆಂಗಲ್ ದುರ್ಬಲ ಎಂದು ಬರುತ್ತಿತ್ತು. ಟಾರ್ಪಾಲು ಎತ್ತಿದಾಗ ಒಳಗಿಂದ ಬಿಸಿ ಹಬೆ ಹೊಡೆಯಿತು, ಹುಳಿ ವಾಸನೆ. ಹಣ್ಣನ್ನು ಗಾಳಿಗೆ ಬಿಡದೆ ಬೇರೆ ದಾರಿಯಿರಲಿಲ್ಲ. ಇಡೀ ಕಣಕ್ಕೆ ಹರಡಿದರು. ಬೇಲಿಯ ಹತ್ತಿರ ಬಂದು ಕೂಗಿ ಕೇಳಿದರಂತೆ: "ಅಣ್ಣ, ನೀವ್ಯಾಕೆ ಅಟ್ಟದಿಂದ ಇಳಿಸಿಲ್ಲ? ಮುಗೀತಲ್ಲ ಅದು."

ಅಟ್ಟದಿಂದ ಇಳಿಸದಿರಲು ಕಾರಣ ಬುಲೆಟಿನ್‌ನ ಇನ್ನೊಂದು ಭಾಗ. ಬಂಗಾಳ ಕೊಲ್ಲಿಯ ಭಾಗದಲ್ಲಿ ಫೆಂಗಲ್ ಕಥೆ ಮುಗಿಯುತ್ತ ಬಂದಿದ್ದರೆ ಅರಬ್ಬಿ ಸಮುದ್ರದ ಭಾಗದಲ್ಲಿ ಅದು ಶುರುವಾಗುತ್ತಿತ್ತು. ಅದರ ಶೇಷ ಪರ್ಯಾಯ ದ್ವೀಪವನ್ನು ದಾಟಿ 3ನೇ ತಾರೀಕಿನ ಹೊತ್ತಿಗೆ ಉತ್ತರ ಕೇರಳ, ಕರ್ನಾಟಕ ಕರಾವಳಿಯಾಚೆ ಸಮುದ್ರಕ್ಕೆ ಇಳಿಯುತ್ತದೆ ಎಂದಿತ್ತು. ಈ ಕರಾವಳಿಗಳ ಮೀನುಗಾರರು ಕಡಲಿಗೆ ಇಳಿಯಬಾರದು ಎಂಬ ಎಚ್ಚರಿಕೆಯೂ ಬಂದಿತ್ತು. ಪೂರ್ವದ ಸಮುದ್ರದಲ್ಲಿ ಹುಟ್ಟಿದ್ದಕ್ಕೆ ಪಶ್ಚಿಮದ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತಿದ್ದಾರೆ ಎಂದರೆ ಅದು ಹಾದುಹೋಗುವುದು ನಮ್ಮ ತಲೆಯ ಮೇಲೆಯೇ. ಯಜಮಾನರು ಇದನ್ನು ಹುಡುಗನನ್ನು ಕೇಳದೆ ತಾವೇ ಓದಿ ತಿಳಿದರು. ಪಕ್ಕದವರಿಗೂ ಕೂಗಿ ಹೇಳಿದರು. ಆದರೆ ಅಷ್ಟು ಹಸಿ ಹಣ್ಣನ್ನು ಮತ್ತೆ ಮುಚ್ಚಿದರೆ ಕೊಳೆಯುವುದು ಖಂಡಿತ, ಬಿಟ್ಟರೆ ಬದುಕಲೂಬಹುದು. ಅವರು ಬಿಟ್ಟರು. ಆ ಹೊತ್ತಿಗೆ ಅವರ ಮುಂದೆ ಒಳ್ಳೆಯ ದಾರಿ ಯಾವುದೂ ಉಳಿದಿರಲಿಲ್ಲ.

ಸಂಜೆಯ ಹೊತ್ತಿಗೆ ಪೂರ್ವದ ಗಾಳಿ ಬಯಲು ಸೀಮೆಯಿಂದ ಘಟ್ಟ ಹತ್ತುತ್ತ ಮಳೆ ತಂದಿತು. ಮರುದಿನ ವ್ಯವಸ್ಥೆ ಅರಬ್ಬಿ ಸಮುದ್ರದ ಅಂಚಿಗೆ ಬಂದಾಗ ಮತ್ತೆ ಸುರಿಯಿತು. ಮೇಲಿನ ತೋಟದ ಪುಸ್ತಕದಲ್ಲಿ 3ನೇ ತಾರೀಕು ಬೆಳಗ್ಗೆ 85 ಸೆಂಟ್ಸ್, 4ನೇ ತಾರೀಕು ಬೆಳಗ್ಗೆ ಒಂದು ಇಂಚು 40 ಸೆಂಟ್ಸ್. ಜುಲೈಯಲ್ಲಾದರೆ ಇಷ್ಟು ಮಳೆಯನ್ನು ಯಾರೂ ಮಾತಿಗೂ ಎತ್ತಿಕೊಳ್ಳುವುದಿಲ್ಲ.

ಆದದ್ದು

ಕೆಳಗಿನ ತೋಟದ ಆ ಎರಡು ದಿನದ ಹಣ್ಣು ಒಣಗಿದ್ದು ತಿಂಗಳ ನಡುವೆ. ಸಿಪ್ಪೆಯ ಮೇಲೆ ಬಿಳಿ ಬೂಷ್ಟು ಕಣ್ಣಿಗೇ ಕಾಣುತ್ತಿತ್ತು, ಮುರಿದರೆ ಬೀಜ ಮಾಸಲು. ವ್ಯಾಪಾರಿ ಮೂಸಿ ನೋಡಿಯೇ ಬೆಲೆ ಇಳಿಸಿದ. ಮಣ್ಣಿನ ಕಣದಲ್ಲಿದ್ದ ಭಾಗಕ್ಕಂತೂ ಬೆಲೆ ಕೇಳುವವರೇ ಇರಲಿಲ್ಲ.

ಮೇಲಿನ ತೋಟಕ್ಕೂ ನಷ್ಟ ತಪ್ಪಲಿಲ್ಲ. ಹಣ್ಣಾಗಿ ಮಾರಿದ್ದರಲ್ಲಿ ಕಡಿಮೆ ಸಿಕ್ಕಿತು. ಬಿಡಿಸದೆ ಬಿಟ್ಟಿದ್ದು ಮಳೆಗೆ ಒಡೆದು ಉದುರಿತು, ಅದನ್ನು ಹೆಕ್ಕಿಸಲು ಬೇರೆ ಕೂಲಿ. ತೊಟ್ಟಿಯಲ್ಲಿ ಮುಳುಗಿಸಿಟ್ಟಿದ್ದಕ್ಕೆ ವಾಸನೆ ಬಂದು ಅದೊಂದು ಭಾಗ ಕೈಬಿಟ್ಟಿತು. ನೀರಿನಲ್ಲಿ ಇಡುವುದು ಒಂದು ದಿನಕ್ಕೆ ಸರಿ, ಅದರಾಚೆಗೆ ಎಳೆದರೆ ಹೀಗಾಗುತ್ತದೆ ಎಂಬುದು ಅವರಿಗೆ ಸಿಕ್ಕ ದುಬಾರಿ ಪಾಠ. ಆದರೆ ಕಣದ ಮುಖ್ಯ ಮಾಲು, ಹಂಗಾಮಿನ ಉತ್ತಮ ಅರೇಬಿಕಾ, ಒಂದು ಹನಿ ತಾಗದೆ ಒಳಗೆ ಸೇರಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಎಲ್ಲರೂ ಸಮುದ್ರದ ಬುಲೆಟಿನ್ ಓದಿ ಎಂದು ಹೇಳಿ ಮುಗಿಸಬಹುದಿತ್ತು. ಡಿಸೆಂಬರ್ ಮಧ್ಯದ ನಂತರ ಬಂಗಾಳ ಕೊಲ್ಲಿಯಲ್ಲಿ ಮತ್ತೊಂದು ವ್ಯವಸ್ಥೆ ಎದ್ದಿತು. ಈ ಸಲ ಇಬ್ಬರೂ ಕಣ ಖಾಲಿ ಮಾಡಿ ಕಾದರು. ಅದು ಆಂಧ್ರ ಕರಾವಳಿಯ ಕಡೆ ತಿರುಗಿತು. ಇಲ್ಲಿ ಮೋಡ ಕವಿದು ಹೋಯಿತು, ಅಳತೆಯ ಗಾಜಿನಲ್ಲಿ ಏನೂ ಬೀಳಲಿಲ್ಲ. ಕೆಲವು ದಿನದ ಕೊಯ್ಲು ಸುಮ್ಮನೆ ಹೋಯಿತು, ಆಳುಗಳ ಒಂದು ತಂಡ ಗಂಟು ಕಟ್ಟಿಕೊಂಡು ಬೇರೆ ತೋಟಕ್ಕೆ ಹೊರಟಿತು.

ಹಾಗಾದರೆ ಏನು ಮಾಡಬೇಕು? ಮೇಲಿನ ತೋಟದವರು ಹಳೆಯ ಪುಸ್ತಕ ತೆಗೆದರು. 2016ರ ಡಿಸೆಂಬರ್ 12ರಂದು ಚೆನ್ನೈ ಹತ್ತಿರ ದಡ ಹತ್ತಿದ ವರ್ದಾ, 2018ರ ನವೆಂಬರ್ 16ರಂದು ನಾಗಪಟ್ಟಿಣಂ, ವೇದಾರಣ್ಯಂ ನಡುವೆ ದಾಟಿದ ಗಜ. ಎರಡರ ಶೇಷವೂ ಪರ್ಯಾಯ ದ್ವೀಪ ದಾಟಿ ಅರಬ್ಬಿ ಸಮುದ್ರ ಸೇರಿದ್ದವು. ಆ ತಾರೀಕುಗಳ ಎದುರು ಪುಸ್ತಕದಲ್ಲಿ ಒಂದು ಕಡೆ ಮಳೆ, ಇನ್ನೊಂದು ಕಡೆ "ಮೋಡ" ಎಂದಷ್ಟೇ. ಗಜದ ಮೂಲವಂತೂ ಬಂಗಾಳ ಕೊಲ್ಲಿಯೂ ಅಲ್ಲ, ಥಾಯ್ಲೆಂಡ್ ಕೊಲ್ಲಿಯ ಕಡೆಯ ಕಡಿಮೆ ಒತ್ತಡದ ಪ್ರದೇಶ. ಒಂದು ಸಾಗರದ ಕಥೆ ಇನ್ನೊಂದಕ್ಕೆ ದಾಟಿ, ಅಲ್ಲಿಂದ ಮೂರನೆಯದಕ್ಕೆ ಹೋಗುತ್ತದೆ. ನಾವು ನಡುವಿನ ಬೆಟ್ಟದ ಮೇಲಿದ್ದೇವೆ.

ಇದರಿಂದ ನಾನು ಕಂಡುಕೊಂಡದ್ದನ್ನು ಹೇಳುತ್ತೇನೆ. ಮೊದಲ ತೀರ್ಮಾನ, ಅಂದರೆ ಕಣಕ್ಕೆ ಹೊಸ ಮಾಲು ಹಾಕುವುದನ್ನು ನಿಲ್ಲಿಸುವುದು, ಏಳು ದಿನದ ಸಾಧ್ಯತೆಯ ಮೇಲೆ ನಡೆಯಬೇಕು. ಅದು ಕೆಲವು ಸಲ ಸುಳ್ಳಾಗುತ್ತದೆ, ಆ ವೆಚ್ಚವನ್ನು ಗೊಬ್ಬರದ ಖರ್ಚಿನಂತೆ ಹಂಗಾಮಿನ ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು. ಕೊಯ್ಲನ್ನೇ ಪೂರ್ತಿ ನಿಲ್ಲಿಸುವ ಎರಡನೇ ತೀರ್ಮಾನಕ್ಕೆ ಮಾತ್ರ ಎರಡು ಮೂರು ದಿನದ ಹತ್ತಿರದ ಮುನ್ಸೂಚನೆ ಕಾಯಬಹುದು. ಡಿಸೆಂಬರ್‌ನ ಎರಡನೇ ಸಲ ಇಬ್ಬರೂ ಎರಡನ್ನೂ ಒಂದೇ ದಿನ ಮಾಡಿಬಿಟ್ಟರು. ಮತ್ತೆ ಕಣ ತೆರೆಯುವುದು ಅರಬ್ಬಿ ಸಮುದ್ರದ ಭಾಗವನ್ನೂ ಓದಿದ ಮೇಲೆ, ಕರಾವಳಿಯ ಮೀನುಗಾರರ ಎಚ್ಚರಿಕೆ ಎದ್ದ ಮೇಲೆ. ದಡ ಹತ್ತಿದ ಸುದ್ದಿ ಕೇಳಿ ತೆರೆದರೆ ಮೂರು ದಿನ ಬೇಗವಾಗಿಬಿಡುತ್ತದೆ. ಹತ್ತಿರದ ಮಳೆಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕಗಳಿವೆ, ವರುಣ ಮಿತ್ರ ಸಹಾಯವಾಣಿ ಇದೆ. ಪೂರ್ವದ ತಾಲ್ಲೂಕುಗಳಲ್ಲಿ ಮಳೆ ಶುರುವಾದದ್ದು ಅಲ್ಲಿ ಮೊದಲೇ ಗೊತ್ತಾಗುತ್ತದೆ, ಟಾರ್ಪಾಲು ಎಳೆಯಲು ಅಷ್ಟು ಸಮಯ ಸಾಕು.

ಒಂದು ವಿಷಯ ಇನ್ನೂ ಬಗೆಹರಿದಿಲ್ಲ. ಕೊಯ್ಲಿನವರಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಬುಲೆಟಿನ್ ನೋಡಿ ಯಜಮಾನರು ಕೊಯ್ಲು ತಗ್ಗಿಸಿದ ದಿನ ಅವರ ಕೈಗೆ ಬರುವುದೂ ತಗ್ಗುತ್ತದೆ. ತೋಟ ಉಳಿಸಿಕೊಂಡ ಮಾಲಿನಲ್ಲಿ ಅವರಿಗೆ ಪಾಲಿಲ್ಲ. 28ರಂದು ಕೆಳಗಿನ ತೋಟದವರನ್ನು ಕೊಯ್ಲಿಗೆ ನೂಕಿದ ಕಾರಣಗಳಲ್ಲಿ ದೊಡ್ಡದು ಇದೇ, ಆಪ್ ಅಲ್ಲ. ಈ ವರ್ಷದ ಹಂಗಾಮಿಗೆ ಎರಡೂ ಮನೆಯವರು ಕೂತು ಮಾತಾಡಿ, ಸಮುದ್ರದಲ್ಲಿ ವ್ಯವಸ್ಥೆ ಇರುವ ದಿನಗಳಿಗೆ ದಿನಗೂಲಿ ಕೊಟ್ಟು ಆಳುಗಳನ್ನು ಉಳಿಸಿಕೊಳ್ಳುವುದು, ಆ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವುದು, ಸಣ್ಣ ಡ್ರೈಯರ್ ಒಂದನ್ನು ಜಂಟಿಯಾಗಿ ಹಾಕಿಸುವುದು ಎಂದು ಒಪ್ಪಿದ್ದಾರೆ. ದಿನಗೂಲಿ ಎಷ್ಟು ಎಂಬುದು ಮಾತ್ರ ಮೇಸ್ತ್ರಿಯೊಂದಿಗೆ ಇನ್ನೂ ಚೌಕಾಸಿಯಲ್ಲಿದೆ.